ಮನೆಗೆ ಜಲಜನಕ ಬೇಕೇ? ಮಂಡ್ಯದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಜಲಜನಕವನ್ನು (ಹೈಡ್ರೋಜನ್) ಆಮ್ಲಜನಕದೊಡನೆ ಕೂಡಿಸಿ ವಿದ್ಯುತ್ ಕೊಡುವ ಇಂಧನ ಕೋಶಗಳನ್ನು (ಫ್ಯೂಯಲ್ ಸೆಲ್) ಕುರಿತ ನಮ್ಮ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ಮಂಡ್ಯದಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ನೀವು, ಚಾವಣಿಯ ಮೇಲೆ 3 ಕಿಲೋವ್ಯಾಟಿನ ಸೌರ ಫಲಕಗಳನ್ನು ಹಾಕಿಸಿ, ಹಗಲಿನಲ್ಲಿ ಮಿಕ್ಕ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಜಲಜನಕವನ್ನು ಕೂಡಿಟ್ಟುಕೊಂಡು, ರಾತ್ರಿ ಇಂಧನ ಕೋಶದಿಂದ ಮನೆಯನ್ನು ನಡೆಸಬಹುದೇ ಎಂದು ಕೇಳಿದ್ದೀರಿ. ಇದು ನಿಜಕ್ಕೂ ಮಾಲಿನ್ಯವಿಲ್ಲದ್ದೇ, ಮನೆಯಲ್ಲಿಟ್ಟರೆ ಅಪಾಯವಿಲ್ಲವೇ, ಕಾವೇರಿ ನೀರಿಗೆ ಪರದಾಡುವ ನಮ್ಮ ಸೀಮೆಯಲ್ಲಿ ಇದಕ್ಕೂ ನೀರು ಸುರಿಯಬೇಕೇ, ಇಂಜಿನಿಯರಿಂಗ್ ಓದುತ್ತಿರುವ ನಿಮ್ಮ ಮಗಳು ಈ ಕ್ಷೇತ್ರವನ್ನು ಆರಿಸಿಕೊಳ್ಳಬಹುದೇ ಎಂಬವು ಮಿಕ್ಕ ಪ್ರಶ್ನೆಗಳು.

ಮನೆ ಕಟ್ಟಿಸುವವರಿಗೆ ದುಡ್ಡಿನ ನಿರ್ಧಾರಗಳು ಕಾಯುವುದಿಲ್ಲವಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನೀವು ಕೇಳಿದ್ದು ಸಾಧ್ಯವಿದೆ, ಆದರೆ ನಿಮ್ಮ ಮನೆಗೆ ಅದು ತಕ್ಕುದಲ್ಲ.

ಇಂಧನ ಕೋಶ ಹೊಸ ಕಲ್ಪನೆಯೇನೂ ಅಲ್ಲ. ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಗ್ರೋವ್ 1839ರಷ್ಟು ಹಿಂದೆಯೇ ಜಲಜನಕ ಮತ್ತು ಆಮ್ಲಜನಕಗಳನ್ನು ಕೂಡಿಸಿ ವಿದ್ಯುತ್ ಪಡೆಯುವ ಬಗೆಯನ್ನು ವರದಿ ಮಾಡಿದ್ದರು. ಚಂದ್ರನತ್ತ ಹೋದ ಅಪೋಲೊ ನೌಕೆಗಳಿಗೆ ವಿದ್ಯುತ್ತನ್ನೂ ಯಾತ್ರಿಗಳಿಗೆ ಕುಡಿಯುವ ನೀರನ್ನೂ ಒದಗಿಸಿದ್ದು ಇಂಥ ಕೋಶಗಳೇ. ಉರಿಯಿಲ್ಲದೆ, ಹೊಗೆಯಿಲ್ಲದೆ, ಹೆಚ್ಚು ಸದ್ದಿಲ್ಲದೆ ಕೆಲಸ ಮಾಡುವ ಈ ಸಾಧನದ ಬಗ್ಗೆ ನನಗೆ ಗೌರವವಿದೆ. ತೊಡಕಿರುವುದು ಕೋಶದಲ್ಲಲ್ಲ, ಅದಕ್ಕೆ ಉಣಿಸಬೇಕಾದ ಜಲಜನಕದಲ್ಲಿ. ಜಲಜನಕವು ಕಲ್ಲಿದ್ದಲಿನಂತೆ ಅಗೆದು ತರುವ ಇಂಧನವಲ್ಲ. ಬೇರೊಂದು ಶಕ್ತಿಯನ್ನು ವ್ಯಯಿಸಿ ನಾವೇ ಅದನ್ನು ತಯಾರಿಸಿಕೊಳ್ಳಬೇಕು.

ನಿಮ್ಮ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆಯ ಒಳ್ಳೆಯ ಬಿಸಿಲಿನಲ್ಲಿ 3 ಕಿಲೋವ್ಯಾಟಿನ ಫಲಕಗಳು ದಿನಕ್ಕೆ ಸುಮಾರು 12 ಯೂನಿಟ್ ಕೊಡುತ್ತವೆ. ಅದರಲ್ಲಿ 6 ಯೂನಿಟ್ಟನ್ನು ರಾತ್ರಿಗೆ ಉಳಿಸುತ್ತೀರಿ ಎಂದುಕೊಳ್ಳಿ. ಒಂದು ಕಿಲೋ ಜಲಜನಕ ತಯಾರಿಸಲು 50ರಿಂದ 55 ಯೂನಿಟ್ ಬೇಕಾಗುವುದರಿಂದ, ನಿಮ್ಮ 6 ಯೂನಿಟ್ಟಿಗೆ ಸಿಗುವುದು ಸುಮಾರು 110 ಗ್ರಾಂ. ಅದರಲ್ಲಿ ಅಡಗಿರುವ ಶಕ್ತಿ ಸುಮಾರು 3.6 ಯೂನಿಟ್. ಇಂಧನ ಕೋಶವು ಅದರ ಅರ್ಧದಷ್ಟನ್ನು ವಿದ್ಯುತ್ತಾಗಿಸಿ ಉಳಿದದ್ದನ್ನು ಶಾಖವಾಗಿ ಬಿಟ್ಟುಕೊಡುತ್ತದೆ. ಅಂದರೆ ನಿಮ್ಮ ಕೈಗೆ ಮರಳುವುದು ಎರಡು ಯೂನಿಟ್ಟಿಗೂ ಕಡಿಮೆ. ಅದೇ 6 ಯೂನಿಟ್ಟನ್ನು ಲಿಥಿಯಂ ಬ್ಯಾಟರಿಗೆ ತುಂಬಿದರೆ 5ಕ್ಕಿಂತ ಹೆಚ್ಚು ಯೂನಿಟ್ ಮರಳಿ ಸಿಗುತ್ತದೆ. ಇದರ ಮೇಲೆ ಜಾಗದ ಸಮಸ್ಯೆಯೂ ಇದೆ: ಆ 110 ಗ್ರಾಂ ಜಲಜನಕವು ಸಾಮಾನ್ಯ ಒತ್ತಡದಲ್ಲಿ 1,200 ಲೀಟರಿಗೂ ಮಿಕ್ಕಿ ಹರಡಿಕೊಳ್ಳುತ್ತದೆ, ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕಿನಲ್ಲೂ ಅದು ಹಿಡಿಯದು. ಒತ್ತಿ ಸಿಲಿಂಡರಿಗೆ ತುಂಬಲು ಕಂಪ್ರೆಸರ್ ಬೇಕು, ಅದಕ್ಕೂ ವಿದ್ಯುತ್ ಬೇಕು.

ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸಿ ಬೆಲ್ಲ ಮಾಡುವುದು ತಿಂಗಳುಗಟ್ಟಲೆ ಇಟ್ಟುಕೊಳ್ಳಲು. ಅದೇ ಸಂಜೆ ಕುಡಿಯಬೇಕಾದ ಹಾಲಿಗೆ ಯಾರೂ ಕೊಪ್ಪರಿಗೆ ಏರಿಸುವುದಿಲ್ಲ. ಜಲಜನಕದ ಬಲವೂ ಬಹುಕಾಲದ ದಾಸ್ತಾನಿನಲ್ಲಿದೆ. ಹಾಗಾದರೆ ಬೇಸಿಗೆಯ ಬಿಸಿಲನ್ನು ಆಷಾಢದ ಮೋಡದ ದಿನಗಳಿಗೆ ಕೂಡಿಡಬಹುದಲ್ಲ ಎಂದು ನೀವು ಕೇಳಬಹುದು. ವಿದ್ಯುತ್ ಜಾಲವೇ ಇಲ್ಲದ ಕಡೆ ಈ ವಾದಕ್ಕೆ ತೂಕವಿದೆ. ನಮ್ಮಲ್ಲಿ ಜಾಲವಿದೆ, ಮೇಲಾಗಿ ಫಲಕಗಳ ಇಳುವರಿ ಕುಗ್ಗುವ ಮುಂಗಾರಿನಲ್ಲೇ ಚಿತ್ರದುರ್ಗ, ಗದಗಗಳ ಗಾಳಿಯಂತ್ರಗಳು ಬಿರುಸಾಗಿ ತಿರುಗುತ್ತವೆ, ಜಲಾಶಯಗಳಿಗೂ ನೀರು ಹರಿದುಬರುತ್ತದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ ಕಳುಹಿಸಿದ ಜಿಲ್ಲೆ ನಿಮ್ಮದು. ಒಂದೆಡೆ ಮಿಕ್ಕದ್ದನ್ನು ಇನ್ನೊಂದೆಡೆ ಬಳಸುವ ಈ ಏರ್ಪಾಡು ಇರುವಾಗ ಪ್ರತಿ ಮನೆಯೂ ತನ್ನದೇ ಅನಿಲ ಕಾರ್ಖಾನೆಯನ್ನು ಹೂಡಬೇಕಾಗಿಲ್ಲ.

ಜಪಾನಿನ ಮನೆಗಳಲ್ಲಿ ಇಂಧನ ಕೋಶಗಳು ಇವೆಯಲ್ಲ ಎಂಬ ನಿಮ್ಮ ಮಾತು ಸರಿ. 2009ರಲ್ಲಿ ಅಲ್ಲಿ ‘ಎನೆ-ಫಾರ್ಮ್’ ಹೆಸರಿನಲ್ಲಿ ಮಾರಾಟಕ್ಕೆ ಬಂದ ಈ ಯಂತ್ರಗಳು ಲಕ್ಷಗಟ್ಟಲೆ ಮನೆಗಳನ್ನು ಸೇರಿವೆ. ಆದರೆ ಅವು ಜಲಜನಕವನ್ನು ಪಡೆಯುವುದು ಹೆಚ್ಚಾಗಿ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಿಂದ, ಹಾಗಾಗಿ ಇಂಗಾಲದ ಡೈಆಕ್ಸೈಡ್ ಹೊರಬರುವುದು ತಪ್ಪಿಲ್ಲ. ಅಲ್ಲಿ ಅವು ಹೊಂದಿಕೊಂಡದ್ದಕ್ಕೆ ಮುಖ್ಯ ಕಾರಣ ಶಾಖ. ಕೋಶ ಬಿಟ್ಟುಕೊಡುವ ಶಾಖದಿಂದ ಸ್ನಾನದ ನೀರು ಕಾಯುತ್ತದೆ. ವಿದ್ಯುತ್ತನ್ನೂ ಶಾಖವನ್ನೂ ಕೂಡಿಸಿದರೆ ಇಂಧನದ ಬಹುಪಾಲು ಸದುಪಯೋಗವಾಗುತ್ತದೆ. ಮೈಸೂರು-ಮಂಡ್ಯಗಳಲ್ಲಿ ಬಿಸಿನೀರನ್ನು ಚಾವಣಿಯ ಸೋಲಾರ್ ಹೀಟರ್ ವರ್ಷದ ಹೆಚ್ಚಿನ ದಿನ ಪುಕ್ಕಟೆಯಾಗಿ ಕೊಡುತ್ತದೆ. ಜಪಾನಿನ ಚಳಿಗಾಲದಲ್ಲಿ ಬೆಲೆ ಬಾಳುವ ಶಾಖಕ್ಕೆ ನಮ್ಮಲ್ಲಿ ಗಿರಾಕಿಯೇ ಇಲ್ಲ.

ಮಾಲಿನ್ಯದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕೋಶದ ಬಾಯಿಯಲ್ಲಿ ನೀರು ಮಾತ್ರ ಬರುವುದು ನಿಜ. ಆದರೆ ನೈಸರ್ಗಿಕ ಅನಿಲದಿಂದ ತೆಗೆದ ಪ್ರತಿ ಕಿಲೋ ಜಲಜನಕಕ್ಕೆ 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ, ಮತ್ತು ಜಗತ್ತಿನಲ್ಲಿ ಇಂದು ತಯಾರಾಗುವ ಜಲಜನಕದ ಬಹುಪಾಲು ಇಂಥ ಅನಿಲ, ಕಲ್ಲಿದ್ದಲುಗಳಿಂದಲೇ ಬರುತ್ತದೆ. ನೀರಿನ ಚಿಂತೆ ಮಾತ್ರ ಬೇಡ: ಕಿಲೋ ಜಲಜನಕಕ್ಕೆ ಲೆಕ್ಕದ ಪ್ರಕಾರ 9 ಲೀಟರ್ ಶುದ್ಧ ನೀರು ಬೇಕು, ನಿಮ್ಮ 110 ಗ್ರಾಮಿಗೆ ಒಂದು ಲೀಟರ್ ಸಾಕು.

ಅಪಾಯದ ವಿಷಯದಲ್ಲಿ ಅತಿ ಹೆದರಿಕೆಯೂ ಬೇಡ, ಉಡಾಫೆಯೂ ಸಲ್ಲದು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ. ಜಲಜನಕ ಹಗುರ, ಬಯಲಿನಲ್ಲಿ ಸೋರಿದರೆ ಬೇಗ ಮೇಲೇರಿ ಚದುರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದೇ ಗುಣ ತಿರುಗಿಬೀಳುತ್ತದೆ, ಅನಿಲ ಸೂರಿನಡಿ ಶೇಖರವಾಗುತ್ತದೆ. ಗಾಳಿಯಲ್ಲಿ ಶೇ. 4ರಿಂದ ಶೇ. 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತರೂ ಅದು ಹೊತ್ತಿಕೊಳ್ಳಬಲ್ಲದು, ಅದಕ್ಕೆ ಬೇಕಾದ ಕಿಡಿಯೂ ತೀರ ಸಣ್ಣದು, ಹಗಲಿನಲ್ಲಿ ಜ್ವಾಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅಡುಗೆ ಅನಿಲಕ್ಕೆ ಸೇರಿಸುವಂಥ ವಾಸನೆಯನ್ನು ಇದಕ್ಕೂ ಸೇರಿಸೋಣವೆಂದರೆ, ಆ ವಸ್ತುವಿನಲ್ಲಿರುವ ಗಂಧಕ ಕೋಶದೊಳಗಿನ ಪ್ಲಾಟಿನಂ ಲೇಪವನ್ನು ಕೆಡಿಸುತ್ತದೆ. ಸೋರಿಕೆ ಪತ್ತೆ ಮಾಡುವ ಸಾಧನ, ಗಾಳಿಯಾಡುವ ಪ್ರತ್ಯೇಕ ಜಾಗ, ತರಬೇತಿ ಪಡೆದ ಕೆಲಸಗಾರ, ಈ ಮೂರೂ ಇರುವ ಕಾರ್ಖಾನೆಯಲ್ಲಿ ಇದನ್ನು ಸುರಕ್ಷಿತವಾಗಿ ನಡೆಸುತ್ತಾರೆ. ಮನೆಯ ಮಹಡಿಯ ಮೇಲೆ ಈ ಮೂರನ್ನೂ ವರ್ಷಾನುಗಟ್ಟಲೆ ಕಾಪಾಡಿಕೊಳ್ಳುವುದು ಸುಲಭವಲ್ಲ.

ಹಾಗಾದರೆ ಏನು ಮಾಡಬೇಕು? 3 ಕಿಲೋವ್ಯಾಟಿನ ಫಲಕ ಹಾಕಿಸಿ. ಮನೆಯ ಚಾವಣಿಯ ಸೌರ ಫಲಕಗಳಿಗೆ ನೆರವಾಗುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಹಾಯಧನವಿದೆ. ನಿಮ್ಮ ಕಡೆ ವಿದ್ಯುತ್ ಪೂರೈಸುವ ಕಂಪನಿಯಾದ ಸೆಸ್ಕ್ ಕಚೇರಿಯಲ್ಲಿ, ನೀವು ಜಾಲಕ್ಕೆ ಕೊಟ್ಟದ್ದನ್ನೂ ಅದರಿಂದ ಪಡೆದದ್ದನ್ನೂ ಲೆಕ್ಕವಿಡುವ ನೆಟ್ ಮೀಟರಿಗೆ ಅರ್ಜಿ ಕೊಡಿ. ಕರೆಂಟ್ ಹೋದಾಗ ದೀಪ, ಫ್ಯಾನುಗಳಿಗೆ ಬೇಕಾಗುವಷ್ಟು ಬ್ಯಾಟರಿಯಿರುವ ಇನ್ವರ್ಟರ್ ಸಾಕು.

ಇಷ್ಟೆಲ್ಲ ಹೇಳಿದ್ದರಿಂದ ನಾನು ಜಲಜನಕದ ವಿರೋಧಿ ಎಂದು ದಯಮಾಡಿ ಭಾವಿಸಬೇಡಿ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟು, ಸೌರ, ಗಾಳಿ ವಿದ್ಯುತ್ತಿನಂಥವುಗಳಿಂದ ತೆಗೆಯುವ ಈ ‘ಹಸಿರು’ ಜಲಜನಕವನ್ನು 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿಯಿಟ್ಟಿತು. ಆ ಜಲಜನಕಕ್ಕೆ ನಿಮ್ಮ ಜಿಲ್ಲೆಯಲ್ಲೇ ನಿಜವಾದ ಕೆಲಸವಿದೆ. ಮಂಡ್ಯದ ಭತ್ತ, ಕಬ್ಬಿನ ಗದ್ದೆಗಳಿಗೆ ಸುರಿಯುವ ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಜಲಜನಕ ಬೇಕು, ಅದನ್ನು ಇಂದು ತೆಗೆಯುತ್ತಿರುವುದು ನೈಸರ್ಗಿಕ ಅನಿಲದಿಂದ. ಮನೆಯ ದೀಪಕ್ಕೆ ಬದಲಿ ದಾರಿಗಳು ಬೇಕಾದಷ್ಟಿವೆ. ಅಮೋನಿಯಾಕ್ಕೆ ಜಲಜನಕದ ಹೊರತು ಬೇರೆ ದಾರಿಯಿಲ್ಲ. ಇರುವ ಸ್ವಲ್ಪ ಹಸಿರು ಜಲಜನಕ ಮೊದಲು ಗೊಬ್ಬರದ ಕಾರ್ಖಾನೆಗೆ, ಉಕ್ಕಿನ ಕುಲುಮೆಗೆ ಹೋಗಲಿ ಎಂಬುದೇ ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಮಗಳು ಖಂಡಿತ ಈ ಕ್ಷೇತ್ರಕ್ಕೆ ಹೋಗಲಿ. ವಿದ್ಯುತ್-ರಸಾಯನಶಾಸ್ತ್ರವನ್ನೂ ವಸ್ತುವಿಜ್ಞಾನವನ್ನೂ ಗಟ್ಟಿಯಾಗಿ ಕಲಿಯಲಿ. ನೀರನ್ನು ವಿಭಜಿಸುವ ಒಂದು ಬಗೆಯ ಯಂತ್ರಕ್ಕೆ ಇರಿಡಿಯಂ, ಇಂಧನ ಕೋಶಕ್ಕೆ ಪ್ಲಾಟಿನಂ ಬೇಕಾಗುತ್ತದೆ. ಎರಡೂ ದುಬಾರಿ, ಎರಡೂ ವಿರಳ. ಅವುಗಳ ಬಳಕೆಯನ್ನು ತಗ್ಗಿಸಲು, ಯಂತ್ರದೊಳಗಿನ ತೆಳು ಪೊರೆಗಳ ಬಾಳಿಕೆ ಹೆಚ್ಚಿಸಲು ಬೇಕಾಗುವ ಈ ಓದು ಬ್ಯಾಟರಿಗೂ ಈ ಯಂತ್ರಗಳಿಗೂ ಸಮಾನವಾಗಿ ಒದಗುವ ಜ್ಞಾನ. ಹಾಗಾಗಿ ಮುಂದೆ ಎರಡರಲ್ಲಿ ಯಾವುದಕ್ಕೆ ಬೇಡಿಕೆ ಹೆಚ್ಚಿದರೂ ಆಕೆಗೆ ಕೆಲಸವಿರುತ್ತದೆ.

ಸಂಪಾದಕ, ಮೈಸೂರು