ಪೋಕರ್‌ನ ನೋ-ಲಿಮಿಟ್ ಹೋಲ್ಡೆಮ್ ಆಟದಲ್ಲಿ ಜೋಡಿ ಎಕ್ಕ ಇದ್ದೂ ಸೋತೆ. ಕೊನೇ ಕಾಲ್ (ಎದುರಾಳಿ ಹಾಕಿದಷ್ಟೇ ಹಾಕುವುದು) ತಪ್ಪಾಯಿತೇ?

ನಿಮ್ಮ ಕೈಯನ್ನು, ಅಂದರೆ ಆ ಸುತ್ತಿನ ಆಟವನ್ನು, ಮೊದಲು ಸರಿಯಾಗಿ ಹೇಳಿಬಿಡುತ್ತೇನೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಮೊತ್ತ) 50/100, ನಿಮ್ಮ ಹತ್ತಿರವೂ ಎದುರಾಳಿಯ ಹತ್ತಿರವೂ 10,000 ಚಿಪ್ಸ್. ನಿಮಗೆ ಜೋಡಿ ಎಕ್ಕ, ಎರಡೂ ಆಟಿನ್ ಅಲ್ಲ. 300ಕ್ಕೆ ರೈಸ್ ಮಾಡಿದಿರಿ (ಮೊತ್ತ ಏರಿಸಿದಿರಿ), ಬಿಗ್ ಬ್ಲೈಂಡ್‌ನಲ್ಲಿದ್ದ (100 ಹಾಕಿದ್ದ) ಗೆಳೆಯ ಮಾತ್ರ ಕಾಲ್ ಮಾಡಿದರು. ಬಿಟ್ಟುಹೋದವರ 50 ಸೇರಿ ಪಾಟ್ (ಮಧ್ಯದಲ್ಲಿ ಸೇರಿದ ಒಟ್ಟು ಚಿಪ್ಸ್) 650. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) ಆಟಿನ್ ಗುಲಾಮ, ಆಟಿನ್ 9, ಇನ್ನೊಂದು 4. ನೀವು 100 ಹಾಕಿದಿರಿ, ಅವರು ಕಾಲ್ ಮಾಡಿದರು. ಟರ್ನ್‌ನಲ್ಲಿ (ನಾಲ್ಕನೇ ಎಲೆ) 2 ಬಂತು, 200 ಹಾಕಿದಿರಿ, ಮತ್ತೆ ಕಾಲ್. ರಿವರ್‌ನಲ್ಲಿ (ಐದನೇ, ಕೊನೇ ಎಲೆ) ಆಟಿನ್ 6 ಬಿತ್ತು. ಅವರು 1,200 ಹಾಕಿದರು, ನೀವು ಕಾಲ್ ಮಾಡಿದಿರಿ, ಅವರು ಫ್ಲಶ್ (ಒಂದೇ ಚಿಹ್ನೆಯ ಐದು ಎಲೆ) ತೋರಿಸಿದರು.

ಕೊನೇ ಕಾಲ್ ಬೇಡವಾಗಿತ್ತು. 2,450 ಗೆಲ್ಲಲು 1,200 ಕೊಡುತ್ತಿದ್ದೀರಿ, ಅಂದರೆ ಮೂರು ಸಲದಲ್ಲಿ ಒಂದು ಸಲವಾದರೂ ನೀವು ಗೆಲ್ಲಬೇಕು. ಎರಡು ಸಲ ಸುಮ್ನೆ ಕಾಲ್ ಮಾಡಿದವರು ಮೂರನೇ ಆಟಿನ್ ಬಿದ್ದ ತಕ್ಷಣ ಹೆಚ್ಚುಕಡಿಮೆ ಪಾಟ್‌ನಷ್ಟು ಹಾಕಿದರೆ, ಗೆಳೆಯರ ಟೇಬಲ್‌ನಲ್ಲಿ ಅದು ಅಷ್ಟು ಸಲ ಬ್ಲಫ್ ಆಗಿರುವುದನ್ನು ನಾನು ಕಂಡಿಲ್ಲ.

ಆದರೆ ನನಗೆ ಜಾಸ್ತಿ ಬೇಸರವಾಗಿದ್ದು ಫ್ಲಾಪ್‌ನ ಆ 100 ನೋಡಿ. ಬೆಟ್ ಅಂದರೆ ಮುಂದಿನ ಎಲೆ ನೋಡುವುದಕ್ಕೆ ಎದುರಾಳಿಗೆ ನೀವು ಹೇಳುವ ಬೆಲೆ. ಕೈಯಲ್ಲಿ ಎರಡು ಆಟಿನ್ ಇದ್ದ ಅವರಿಗೆ ಕಾಣದ 47 ಎಲೆಗಳಲ್ಲಿ 9 ಆಟಿನ್. ಟರ್ನ್‌ನಲ್ಲೇ ಫ್ಲಶ್ ಆಗುವ ಸಾಧ್ಯತೆ ಶೇ 19. ನೀವು 100 ಹಾಕಿದಾಗ ಅವರು 750ಕ್ಕಾಗಿ 100 ಕೊಟ್ಟರೆ ಸಾಕು, ಶೇ 12 ಗೆದ್ದರೂ ನಷ್ಟವಿಲ್ಲ. ಟರ್ನ್‌ನ 200 ಕೂಡ ಹಾಗೇ, ಶೇ 16 ಸಾಕಿತ್ತು. ಎರಡು ಸಲವೂ ಅಗ್ಗದ ಬೆಲೆಗೆ ಎಲೆ ಸಿಕ್ಕಿತು.

450 ಹಾಕಿದ್ದರೆ? 1,100ಕ್ಕಾಗಿ 450, ಅಂದರೆ ಶೇ 29 ಬೇಕು. ಶೇ 19ರ ಕೈಗೆ ಅದು ದುಬಾರಿ. "ದೊಡ್ಡದು ಹಾಕಿದರೆ ಓಡಿಹೋಗುತ್ತಾರೆ" ಅಂತ ನೀವು ಬರೆದಿದ್ದೀರಿ. ನಾನೂ ಬಹಳ ದಿನ ಹಾಗೇ ಹೆದರಿ ಆಡಿದ್ದೇನೆ. ಆದರೆ ಗುಲಾಮ ಇದ್ದವರು, ರಾಣಿ-10 ಹಿಡಿದು ಸ್ಟ್ರೈಟ್‌ಗೆ (ಕ್ರಮವಾಗಿ ಬರುವ ಐದು ಎಲೆಗೆ) ಕಾಯುವವರು, ಆಟಿನ್ ಎರಡು ಇಟ್ಟುಕೊಂಡವರು 450ಕ್ಕೂ ಕಾಲ್ ಮಾಡುತ್ತಾರೆ. ಅವರು ದುಬಾರಿ ಬೆಲೆ ಕೊಟ್ಟು ಬರಲಿ ಅನ್ನುವುದೇ ನಮ್ಮ ಆಸೆ, ಅಲ್ವಾ? ಹಾಗಂತ 9,700 ಪೂರ್ತಿ ತಳ್ಳುವುದೂ ಬೇಡ. ಆಗ ಕಾಲ್ ಮಾಡುವವರು ಹೆಚ್ಚಾಗಿ ನಿಮ್ಮನ್ನು ಸೋಲಿಸುವ ಕೈಗಳವರೇ.

ಫ್ಲಾಪ್ ಬೇರೆ ಥರ ಇದ್ದಿದ್ದರೆ, ಅಂದರೆ ರಾಜ, 7, 2, ಮೂರೂ ಬೇರೆ ಬೇರೆ ಚಿಹ್ನೆ, ಆಗ 200 ಹಾಕಿದರೆ ನಾನೂ ಒಪ್ಪುತ್ತೇನೆ. ಅಲ್ಲಿ ಹೆದರಬೇಕಾದ ಎಲೆಗಳು ಕಡಿಮೆ.

ಇನ್ನೊಂದು ಲೆಕ್ಕವಿದೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 450ಕ್ಕೆ ಕಾಲ್ ಮಾಡಿದವರು 47ರಲ್ಲಿ 38 ಸಲ ಅದನ್ನು ಕಳೆದುಕೊಳ್ಳುತ್ತಾರೆ, 9 ಸಲ ಫ್ಲಶ್ ಸಿಗುತ್ತದೆ. ಆ ಕಾಲ್ ಸರಿದೂಗಬೇಕಾದರೆ ಫ್ಲಶ್ ಸಿಕ್ಕಾಗಲೆಲ್ಲ ಅವರು 1,900 ಗೆಲ್ಲಬೇಕು. 1,100 ಆಗಲೇ ಪಾಟ್‌ನಲ್ಲಿದೆ. ಉಳಿದ 800 ನಿಮ್ಮಿಂದ ಬರಬೇಕು. ಟರ್ನ್‌ನಲ್ಲೇ ಆಟಿನ್ ಬಿದ್ದ ಮೇಲೂ ಎಕ್ಕದ ಮೋಹಕ್ಕೆ ನೀವು 800ಕ್ಕಿಂತ ಜಾಸ್ತಿ ಕೊಡುತ್ತಾ ಹೋದರೆ, ಫ್ಲಾಪ್‌ನಲ್ಲಿ ಹೇಳಿದ ಆ ಬೆಲೆ ಅವರಿಗೆ ದುಬಾರಿಯೇ ಅಲ್ಲ.

ಹಾಗಾಗಿ ಫ್ಲಾಪ್‌ನಲ್ಲಿ 450, ಟರ್ನ್‌ನಲ್ಲಿ 2 ಬಂದಾಗ ಪಾಟ್ 1,550 ಇರುತ್ತದೆ, ಅಲ್ಲಿ ಸುಮಾರು 1,100. ರಿವರ್‌ನಲ್ಲಿ ಆಟಿನ್ ಬಿದ್ದು ಅವರು ಚೆಕ್ ಮಾಡಿದರೆ (ಏನೂ ಹಾಕದಿದ್ದರೆ) ನೀವೂ ಚೆಕ್ ಮಾಡಿ. ಅವರು ದೊಡ್ಡದಾಗಿ ಹಾಕಿದರೆ ಎಕ್ಕಗಳನ್ನು ಕೆಳಗಿಡಿ. ಆಟಿನ್ ಬೀಳದೆ ಸಣ್ಣದೊಂದು ಎಲೆ ಬಂದರೆ ಇನ್ನೊಂದು ಬೆಟ್ ಹಾಕಿ, ಗುಲಾಮ ಹಿಡಿದವರು ಅದಕ್ಕೂ ಕಾಲ್ ಮಾಡುತ್ತಾರೆ.