ಕ್ಲಾಸಿಕ್ ಕಾದಂಬರಿ, ಸೈನ್ಸ್ ಫಿಕ್ಷನ್ ಓದುವ ಮೊದಲು ಯಾವ ವಿಮರ್ಶೆ ಓದಿಕೊಂಡರೆ ಚೆನ್ನಾಗಿ ಅರ್ಥವಾಗುತ್ತೆ?

ಯಾವುದೂ ಬೇಡ. ನೇರವಾಗಿ ಕಾದಂಬರಿಯ ಮೊದಲ ಪುಟ ತೆಗೆಯಿರಿ. ನಾನೂ ನಿಮ್ಮ ಹಾಗೇ ತಯಾರಿ ಮಾಡಿಕೊಂಡು ಓದಲು ಹೋಗಿ ಕೆಟ್ಟೆ.

ನನ್ನದು ಮಂಡ್ಯದ ಹತ್ತಿರ ಒಂದು ಹಳ್ಳಿ. ಎಂ.ಎ. ಮಾಡಲು ಮೈಸೂರಿಗೆ ಬಂದಾಗ ಹಾಸ್ಟೆಲಿನಲ್ಲಿ ಎಲ್ಲರೂ ನನಗಿಂತ ಜಾಸ್ತಿ ಓದಿದವರ ಹಾಗೆ ಕಂಡರು. ಅವರ ಮುಂದೆ ಏನಾದರೂ ತಪ್ಪು ಹೇಳಿಬಿಟ್ಟರೆ? ಆ ಭಯಕ್ಕೆ, ಎಚ್.ಜಿ. ವೆಲ್ಸ್‌ನ ‘ದಿ ಟೈಮ್ ಮಷೀನ್’ ತಂದವಳು ಮೊದಲು ಕೂತು ಅದರ ಉದ್ದದ ಮುನ್ನುಡಿ ಓದಿದೆ.

ಅದೇ ನಾನು ಮಾಡಿದ ತಪ್ಪು. 1895ರ ಆ ಕಥೆಯಲ್ಲಿ ನೆಲದ ಮೇಲಿನ ಎಲೋಯ್‌ಗಳು ಕೂತು ತಿಂದ ಸಿರಿವಂತರ ಸಂತತಿ, ನೆಲದಡಿಯ ಮಾರ್ಲಾಕ್‌ಗಳು ಕೂಲಿಕಾರರ ಸಂತತಿ ಅಂತ ಮುನ್ನುಡಿ ಹೇಳಿತ್ತು. ಸುಳ್ಳೇನಲ್ಲ, ಯಂತ್ರ ಹತ್ತಿ ದೂರದ ಭವಿಷ್ಯಕ್ಕೆ ಹೋದ ಕಾಲಯಾನಿಯೇ ಹಾಗೆ ಊಹಿಸುತ್ತಾನೆ. ಆದರೆ ಅವನು ಅಲ್ಲಿಗೆ ಬರುವುದು ಹೆದರಿ, ಎಡವಿ, ಮೊದಲು ಬೇರೇನೋ ಅಂದುಕೊಂಡು. 8,02,701ನೇ ಇಸವಿಯಲ್ಲಿ ಯಂತ್ರ ಕಾಣೆಯಾದಾಗ ಹುಚ್ಚನಂತೆ ಓಡಾಡುತ್ತಾನೆ. ನನಗೆ ದಿಗಿಲೇ ಆಗಲಿಲ್ಲ, ಉತ್ತರ ಮೊದಲೇ ಗೊತ್ತಿತ್ತಲ್ಲ. ವೀನಾ ಅನ್ನೋ ಎಲೋಯ್ ಹುಡುಗಿ ಅವನ ಜೇಬಿಗೆ ಹೂ ತುಂಬುವ ಕಡೆ ನಾನು ಪೆನ್ಸಿಲಿನಲ್ಲಿ ‘ವರ್ಗ’ ಅಂತ ಬರೆದಿದ್ದೆ. ಇನ್ನೂ ಕೋಟಿಗಟ್ಟಲೆ ವರ್ಷ ಮುಂದೆ ಹೋಗಿ, ಕೆಂಪು ಸೂರ್ಯನ ಕೆಳಗೆ, ದೊಡ್ಡ ಏಡಿಗಳ ಕಡಲ ದಂಡೆಯಲ್ಲಿ ಅವನು ಒಬ್ಬನೇ ನಿಲ್ಲುತ್ತಾನೆ. ಅಲ್ಲಿ ಧಣಿಯೂ ಇಲ್ಲ, ಆಳೂ ಇಲ್ಲ. ಮುನ್ನುಡಿಯಲ್ಲಿ ಆ ಬಗ್ಗೆ ಏನೂ ಇರಲಿಲ್ಲ ಅಂತ ಆ ಪುಟಗಳನ್ನು ಸರಸರನೆ ತಿರುವಿಹಾಕಿದೆ.

“ನಿಂಗೆ ಎಲ್ಲಿ ಹೆದರಿಕೆ ಆಯ್ತಮ್ಮ?” ಅಂತ ತರಗತಿಯಲ್ಲಿ ಮೇಷ್ಟ್ರು ಕೇಳಿದರು. ಮುನ್ನುಡಿಯನ್ನೇ ಒಪ್ಪಿಸಿದೆ. “ಅದಲ್ಲ, ನಿಂಗೆ?” ಅಂದರು. ಮಾತೇ ಹೊರಡಲಿಲ್ಲ. ಓದು ನನಗೆ ಹೇಳಿ ಮಾಡಿಸಿದ್ದಲ್ಲ ಅಂದುಕೊಂಡು 6 ವರ್ಷ ಒಂದು ಕಾದಂಬರಿಯನ್ನೂ ಮುಟ್ಟಲಿಲ್ಲ.

ಆಮೇಲೆ ಕೆಲಸಕ್ಕೆ ಅಂತ ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವಾಗ, ಮೊದಲ ಹಾಳೆಗಳು ಕಿತ್ತುಹೋಗಿದ್ದ ‘ಫ್ರಾಂಕೆನ್‌ಸ್ಟೈನ್’ ಕೈಗೆ ಸಿಕ್ಕಿತು. ಮೇರಿ ಶೆಲ್ಲಿಯ 1818ರ ಕಾದಂಬರಿ. ರಾಕ್ಷಸನ ಕಥೆ ಅಂದುಕೊಂಡಿದ್ದೆ. ಆ ಜೀವ ಒಂದು ಬಡವರ ಮನೆಯ ಪಕ್ಕ ಅವಿತುಕೊಂಡು, ಗೋಡೆಯ ಸಂದಿಯಲ್ಲಿ ಇಣುಕಿ, ಮಾತು ಕಲಿಯುತ್ತೆ. ಬೆಂಕಿ, ಹಾಲು, ಬ್ರೆಡ್, ಸೌದೆ. ಹಾಸ್ಟೆಲಿನಲ್ಲಿ ನಾನು ಇಂಗ್ಲಿಷ್ ಕಲಿತದ್ದೂ ಹೀಗೇ, ಬೇರೆಯವರ ಮಾತಿಗೆ ಕಿವಿಗೊಟ್ಟು, ಬಾಯಿ ಬಿಡದೆ. ಶ್ರೀರಂಗಪಟ್ಟಣ ದಾಟಿ ಕಾವೇರಿ ಸೇತುವೆ ಬರುವಷ್ಟರಲ್ಲಿ ಕಣ್ಣು ತುಂಬಿತ್ತು. ಆ ಜೀವವನ್ನು ಹುಟ್ಟಿಸಿ, ಹೆಸರೂ ಇಡದೆ ಓಡಿಹೋದ ವಿಜ್ಞಾನಿ ವಿಕ್ಟರ್ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಈ ಸಿಟ್ಟು ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ.

ಹಾಗಾಗಿ ‘ಚೆನ್ನಾಗಿ ಅರ್ಥವಾಗಬೇಕು’ ಅನ್ನೋ ನಿಮ್ಮ ಆಸೆಯನ್ನೇ ನಾನು ಒಪ್ಪುವುದಿಲ್ಲ. ಮೊದಲ ಓದಿಗೆ ಅರ್ಧ ಅರ್ಥವಾದರೆ ಸಾಕು. ವಿಮರ್ಶೆ ಓದಿ, ಖಂಡಿತ ಓದಿ. ಆದರೆ ನಿಮಗೆ ಎಲ್ಲಿ ಸಿಟ್ಟು ಬಂತು, ಎಲ್ಲಿ ಬೇಜಾರಾಯಿತು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟ ಮೇಲೆ. ಆಗ ವಿಮರ್ಶಕರ ಜೊತೆ ಜಗಳವನ್ನಾದರೂ ಆಡಬಹುದು, ಅಲ್ವಾ?

ಶುರು ಮಾಡಲು ತೇಜಸ್ವಿಯವರ ‘ಕರ್ವಾಲೊ’ ತಗೊಳ್ಳಿ. ವಿಜ್ಞಾನಿ ಕರ್ವಾಲೊ, ಜೇನಿನ ಮಂದಣ್ಣ, ಒಂದು ಹಾರುವ ಓತಿ. ಆ ಓತಿ ಕೊನೆಗೆ ಏನಾಗುತ್ತೆ ಅಂತ ಯಾರನ್ನೂ ಕೇಳಬೇಡಿ. ನಾನೂ ಹೇಳುವುದಿಲ್ಲ.