ನೌಕರಿ ಬಿಟ್ಟು ನಾಯಿ ತರಬೇತುದಾರನಾಗಬಹುದೇ?

ಪ್ರಶ್ನೆ: ನನಗೆ 36 ವರ್ಷ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಗುಣಮಟ್ಟ ತಪಾಸಣೆಯ ಸೂಪರ್‌ವೈಸರ್ ಆಗಿದ್ದೇನೆ. ಮೂರು ವರ್ಷಗಳ ಹಿಂದೆ ಮುಧೋಳ ತಳಿಯ ಮರಿಯೊಂದನ್ನು ತಂದು ನಾನೇ ಪಳಗಿಸಿದೆ. ಈಗ ಗೇಟು ತೆರೆದಿದ್ದರೂ ನಾನು ಹೇಳದ ಹೊರತು ಅದು ಹೊರಗೆ ಕಾಲಿಡುವುದಿಲ್ಲ. ಇದನ್ನು ಕಂಡ ಓಣಿಯ ನಾಲ್ಕಾರು ಮಂದಿ ತಮ್ಮ ನಾಯಿಗಳಿಗೂ ಕಲಿಸಿಕೊಡುವಂತೆ ಕೇಳುತ್ತಿದ್ದಾರೆ. ನೌಕರಿ ಬಿಟ್ಟು ಇದನ್ನೇ ವೃತ್ತಿಯಾಗಿಸಿಕೊಳ್ಳುವ ಮನಸ್ಸಾಗಿದೆ. ತಂದೆಯವರು ಮಾತ್ರ ‘ಓದಿಸಿದ್ದು ನಾಯಿ ಕಾಯಾಕೇನು?’ ಎಂದು ಸಿಟ್ಟಾಗಿದ್ದಾರೆ. ಈ ಕೆಲಸಕ್ಕೆ ಲೈಸೆನ್ಸ್ ಅಥವಾ ಕೋರ್ಸು ಬೇಕೆ? ಇದರಿಂದ ಸಂಸಾರ ನಡೆದೀತೆ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಮುಧೋಳ ನಾಯಿಯನ್ನು ಗೇಟಿನ ಬಳಿ ನಿಲ್ಲಿಸುವುದು ಸಣ್ಣ ಮಾತಲ್ಲ. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ ಅದು. ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಕರೆಯುವ ಮೊದಲೇ ಹೊಲ ದಾಟಿರುತ್ತದೆ. ಆದ್ದರಿಂದ ನಿಮಗೆ ತಾಳ್ಮೆಯಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮರಿಯಿದ್ದಾಗಿನಿಂದ ನಿಮ್ಮ ಕೈಯಲ್ಲೇ ಉಂಡು ಬೆಳೆದ ಒಂದು ನಾಯಿ ನಿಮ್ಮ ಮಾತು ಕೇಳುವುದಕ್ಕೂ, ಇನ್ನೊಬ್ಬರ ಮನೆಯಲ್ಲಿ ಕೆಟ್ಟ ಅಭ್ಯಾಸ ಕಲಿತ ನಾಯಿಯೊಂದು ಆ ಮನೆಯವರ ಮಾತು ಕೇಳುವಂತೆ ಮಾಡುವುದಕ್ಕೂ ಬಹಳ ಅಂತರವಿದೆ. ಈ ವೃತ್ತಿಯಲ್ಲಿ ಹಣ ಸಿಗುವುದು ಎರಡನೆಯದಕ್ಕೆ, ಮತ್ತು ಅಲ್ಲಿ ನೀವು ಕಲಿಸಬೇಕಾದದ್ದು ಹೆಚ್ಚಾಗಿ ಮನುಷ್ಯರಿಗೆ.

ನಮ್ಮ ಭಾಗದ ಮನೆಗಳ ಸಂಗತಿಯನ್ನೇ ನೋಡಿ. ಬೆಳಗಾವಿಯ ಒಂದೇ ಮನೆಯಲ್ಲಿ ತಂದೆ ‘ಕುಂದ್ರು’ ಎನ್ನುತ್ತಾರೆ, ತಾಯಿ ಮರಾಠಿಯಲ್ಲಿ ‘ಬಸ್’ ಎನ್ನುತ್ತಾರೆ, ಮಕ್ಕಳು ‘ಸಿಟ್’ ಎನ್ನುತ್ತಾರೆ. ಮೂವರೂ ಸೇರಿ ‘ನಮ್ಮ ನಾಯಿ ಮಾತ ಕೇಳಂಗಿಲ್ರೀ’ ಎಂದು ದೂರುತ್ತಾರೆ. ವಿಜಯಪುರದ ಮನೆಯೊಂದರಲ್ಲಿ ಊಟದ ಹೊತ್ತಿಗೆ ಬೊಗಳುವ ಲ್ಯಾಬ್ರಡಾರ್ ಒಂದಕ್ಕೆ ನಾನು ಮೂರು ವಾರ ಪಾಠ ಹೇಳಿದೆ, ಏನೂ ಫಲ ಸಿಗಲಿಲ್ಲ. ನಾಲ್ಕನೆಯ ವಾರ ಗೊತ್ತಾಯಿತು: ಅದು ಬೊಗಳಿದಾಗಲೆಲ್ಲ, ಸುಮ್ಮನಿರಲಿ ಪಾಪ ಎಂದು, ಮನೆಯ ಆಯಿ ಜೋಳದ ರೊಟ್ಟಿಯ ಚೂರೊಂದನ್ನು ಎಸೆಯುತ್ತಿದ್ದರು. ಬೊಗಳಿದರೆ ರೊಟ್ಟಿ ಸಿಗುತ್ತದೆಂಬ ಪಾಠವನ್ನು ನಾಯಿ ನನಗಿಂತ ಚೆನ್ನಾಗಿಯೇ ಕಲಿತಿತ್ತು. ಎಂಬತ್ತು ದಾಟಿದ ಹಿರಿಯರಿಗೆ ಮನಸ್ಸು ನೋಯದಂತೆ, ಅದೇ ರೊಟ್ಟಿಯನ್ನು ನಾಯಿ ಸುಮ್ಮನೆ ಮಲಗಿದ್ದಾಗ ಕೊಡಿರೆಂದು ಒಪ್ಪಿಸುವುದೇ ಅಲ್ಲಿ ನನ್ನ ನಿಜವಾದ ಕೆಲಸವಾಗಿತ್ತು. ಇಂಥ ಮಾತುಕತೆ ನಿಮಗೆ ಬೇಸರ ತರುವುದಾದರೆ, ನಾಯಿಗಳ ಮೇಲೆ ಎಷ್ಟೇ ಪ್ರೀತಿಯಿದ್ದರೂ ಈ ವೃತ್ತಿ ನಿಮಗೆ ಒಗ್ಗುವುದಿಲ್ಲ.

ಲೈಸೆನ್ಸಿನ ವಿಷಯ: ನಾಯಿಗಳಿಗೆ ತಳಿ ಮಾಡಿಸಿ ಮರಿ ಮಾರುವವರು 2017ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಕೇವಲ ತರಬೇತಿ ಕೊಡುವವರಿಗೆ ಸರ್ಕಾರ ಯಾವ ವಿದ್ಯಾರ್ಹತೆಯನ್ನೂ ಕಡ್ಡಾಯ ಮಾಡಿಲ್ಲ. ಬೋರ್ಡು ಹಾಕಿಕೊಂಡವರೆಲ್ಲರೂ ಟ್ರೇನರ್‌ಗಳೇ ಆಗಿರುವುದಕ್ಕೆ ಕಾರಣ ಇದು. ವೃತ್ತಿಪರ ನಾಯಿ ತರಬೇತುದಾರರಿಗೆಂದೇ ಇರುವ ಅಮೆರಿಕದ ಸಿಪಿಡಿಟಿ ಪ್ರಮಾಣಪತ್ರದ ಪರೀಕ್ಷೆಗೆ ಕೂರಬೇಕಾದರೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ 300 ಗಂಟೆ ತರಬೇತಿ ಕೊಟ್ಟ ಅನುಭವ ಇರಬೇಕು. ನೀವು ಆ ಪರೀಕ್ಷೆ ಬರೆಯದಿದ್ದರೂ ಚಿಂತೆಯಿಲ್ಲ, ಆ 300 ಗಂಟೆಯ ಅಳತೆಯನ್ನು ಇಟ್ಟುಕೊಳ್ಳಿ. ಅದನ್ನು ಅನುಭವಿ ತರಬೇತುದಾರರೊಬ್ಬರ ಕೈಕೆಳಗೆ ಪೂರೈಸುವುದು ಉತ್ತಮ. ಆದರೆ ಗುರುವನ್ನು ಆರಿಸುವಾಗ ಅವರ ಚೀಲವನ್ನು ನೋಡಿ. ಅದರಲ್ಲಿ ಎಳೆದರೆ ಕತ್ತು ಬಿಗಿಯುವ ಚೋಕ್ ಚೈನು, ಕರೆಂಟು ಹೊಡೆಸುವ ಕೊರಳಪಟ್ಟಿಗಳೇ ಇದ್ದರೆ ಅಲ್ಲಿಂದ ಎದ್ದುಬನ್ನಿ. ಪ್ರಾಣಿಯನ್ನು ಹೊಡೆದು ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ ಎಂಬುದು ಒಂದು ಕಾರಣ. ಗುರುಗುಟ್ಟಿದಾಗಲೆಲ್ಲ ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನಷ್ಟೇ ಬಿಟ್ಟು, ಮುಂದೊಂದು ದಿನ ಯಾವ ಸೂಚನೆಯನ್ನೂ ಕೊಡದೆ ಕಚ್ಚುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಸರಿಯಾದದ್ದನ್ನು ಮಾಡಿದ ಒಂದೆರಡು ಸೆಕೆಂಡಿನೊಳಗೆ ಬಹುಮಾನ ಸಿಗುವಂತೆ ಕಲಿಸುವವರ ಕೈ ಎಷ್ಟು ಚುರುಕಾಗಿರುತ್ತದೆಂಬುದನ್ನು ಗಮನಿಸಿ, ಕಲಿಯಬೇಕಾದದ್ದು ಅದನ್ನು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಒಂದೇ ತಳಿಯ ಹತ್ತಾರು ನಾಯಿಗಳ ಸ್ವಭಾವ ಎಷ್ಟು ಬೇರೆ ಬೇರೆಯಾಗಿರುತ್ತದೆಂದು ತಿಳಿಯಲು ಅಲ್ಲಿಗೊಮ್ಮೆ ಹೋಗಿಬನ್ನಿ.

ಇನ್ನು ಸಂಸಾರದ ಲೆಕ್ಕ. ನಮ್ಮ ಬಿಸಿಲಿನಲ್ಲಿ, ಅದರಲ್ಲೂ ಮಾರ್ಚ್‌ನಿಂದ ಮೇ ತನಕ, ಬೆಳಿಗ್ಗೆ ಎಂಟರ ಬಳಿಕ ನಾಯಿಯನ್ನು ಡಾಂಬರಿನ ಮೇಲೆ ನಡೆಸಿದರೆ ಅಂಗಾಲು ಸುಡುವ ಭಯವಿರುತ್ತದೆ. ಆದ್ದರಿಂದ ಆರರಿಂದ ಎಂಟು, ಸಂಜೆ ಆರರಿಂದ ಎಂಟು – ಪಾಠಕ್ಕೆ ಸಿಗುವುದು ಇಷ್ಟೇ. ಒಂದೊಂದು ಮನೆಗೆ ಒಂದು ಗಂಟೆ ಎಂದರೂ, ಓಡಾಟ ಸೇರಿ ದಿನಕ್ಕೆ ಮೂರು ಮನೆಗಿಂತ ಹೆಚ್ಚು ಆಗುವುದಿಲ್ಲ. ಎಂಟು ವಾರಗಳಲ್ಲಿ ಒಂದು ನಾಯಿಯ ಪಾಠ ಮುಗಿಯಿತೆಂದರೆ ಆ ಮನೆಯ ಆದಾಯವೂ ಮುಗಿಯಿತು. ನೀವು ಚೆನ್ನಾಗಿ ಕಲಿಸಿದಷ್ಟೂ ಅವರು ನಿಮ್ಮನ್ನು ಮತ್ತೆ ಕರೆಯುವುದು ಕಡಿಮೆ. (ಕೆಟ್ಟದಾಗಿ ಕಲಿಸುವ ಕೆಲವರಿಗೆ ವರ್ಷವಿಡೀ ಒಂದೇ ಮನೆಯಲ್ಲಿ ಕೆಲಸವಿರುವುದನ್ನು ಕಂಡಿದ್ದೇನೆ.) ಆದರೆ ಇದೇ ಲೆಕ್ಕದಲ್ಲಿ ನಿಮಗೊಂದು ಅನುಕೂಲವೂ ಇದೆ: ಕೆಲಸದ ಹೊತ್ತು ಫೌಂಡ್ರಿಯ ಹಗಲು ಪಾಳಿಗೆ ಅಡ್ಡ ಬರುವುದಿಲ್ಲ. ಆದ್ದರಿಂದ ಈಗಲೇ ರಾಜೀನಾಮೆ ಕೊಡಬೇಡಿ. ಕೇಳಿಕೊಂಡು ಬಂದ ಆ ನಾಲ್ಕಾರು ಮನೆಗಳಿಂದಲೇ ಆರಂಭಿಸಿ, ಸಣ್ಣದಾದರೂ ಶುಲ್ಕ ತೆಗೆದುಕೊಳ್ಳಿ. ಪುಕ್ಕಟೆ ಹೇಳಿದ ಪಾಠವನ್ನು ಯಾರೂ ಮನೆಯಲ್ಲಿ ಅಭ್ಯಾಸ ಮಾಡುವುದಿಲ್ಲ. ಸತತ ಒಂದು ವರ್ಷ ಹೊಸ ಮನೆಗಳು ಬರುತ್ತಲೇ ಇದ್ದು, ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ನಿಂತ ಮೇಲೆ ನೌಕರಿಯ ಮಾತು ಎತ್ತಿ. ತಂದೆಯವರೊಂದಿಗೆ ಈಗ ವಾದಕ್ಕಿಳಿಯಬೇಡಿ. ಆ ಹೊತ್ತಿಗೆ ಅವರ ಮುಂದೆ ಇಡಲು ನಿಮ್ಮ ಬಳಿ ಲೆಕ್ಕದ ಪುಸ್ತಕವೊಂದು ಇರುತ್ತದೆ.

ಇಷ್ಟು ದಿನ ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚತೊಡಗಿದೆ ಎಂದು ಯಾರಾದರೂ ಕರೆದರೆ ಮೊದಲು ಪಶುವೈದ್ಯರಿಗೆ ತೋರಿಸುವಂತೆ ಹೇಳಿ. ಕಿವಿಯ ಸೋಂಕು, ಕೀಲುನೋವಿನಂಥ ಬಾಧೆಗಳಿಗೆ ತರಬೇತಿಯಲ್ಲಿ ಮದ್ದಿಲ್ಲ. ಇನ್ನು, ಅಪರಿಚಿತ ನಾಯಿಯಿರುವ ಮೊದಲ ಮನೆಗೆ ಕಾಲಿಡುವ ಮುನ್ನವೇ ನಿಮಗೆ ರೇಬಿಸ್ ಮುಂಜಾಗ್ರತಾ ಲಸಿಕೆ ಆಗಿರಲಿ: ಮೊದಲ ದಿನ, ಏಳನೆಯ ದಿನ, ಆಮೇಲೆ 21 ಅಥವಾ 28ನೆಯ ದಿನ. ಅದನ್ನು ಹಾಕಿಸಿಕೊಂಡಿದ್ದರೂ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರ ಬಳಿ ಹೋಗಬೇಕು.